ತಮ್ಮ ತಪ್ಪನ್ನೂ ಬರೆದಿಟ್ಟು ಹೋದವರು: ಕಪ್ಪು ಪರದೆಯ ಹಿಂದಿನ ಡೆನಿಸ್ ರಿಚಿ

2011ರಲ್ಲಿ ಆಯುಧಪೂಜೆ ಅಕ್ಟೋಬರ್ 5ಕ್ಕೆ ಬಿದ್ದಿತ್ತು. ಯಲಹಂಕದ ಕಡೆಯ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಪ್ರತಿ ಮಾನಿಟರ್‌ಗೂ ಅರಿಶಿನ-ಕುಂಕುಮ, ಪ್ರತಿ ಸಿಪಿಯು ಮೇಲೂ ಒಂದೊಂದು ಸೇವಂತಿಗೆ, ಬಾಗಿಲಲ್ಲಿ ಒಡೆದ ಬೂದುಗುಂಬಳ. ಮಾರನೇ ದಿನ, ವಿಜಯದಶಮಿಯ ಬೆಳಗ್ಗೆ, ಸ್ಟೀವ್ ಜಾಬ್ಸ್ ತೀರಿಕೊಂಡ ಸುದ್ದಿ ಬಂತು. ರಜೆ ಮುಗಿಸಿ ಕಾಲೇಜಿಗೆ ಬಂದಾಗ ಗೆಳೆಯರು ಅವರ ಫೋಟೋ ಮುಂದೆ ಮೇಣದಬತ್ತಿ ಹಚ್ಚಿದರು. ನಾನೂ ಒಂದು ಹಚ್ಚಿದೆ. ನಮ್ಮಲ್ಲಿ ಒಬ್ಬರ ಹತ್ತಿರವೂ ಐಫೋನ್ ಇರಲಿಲ್ಲ ಅನ್ನೋದು ಬೇರೆ ಮಾತು.

ಒಂದು ವಾರ ಕಳೆದು, ಅಕ್ಟೋಬರ್ 12ರಂದು, ಅಮೆರಿಕದ ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್ ಎಂಬ ಊರಿನ ಮನೆಯೊಂದರಲ್ಲಿ 70 ವರ್ಷದ ಒಬ್ಬ ವ್ಯಕ್ತಿ ಸತ್ತಿರುವುದು ಗೊತ್ತಾಯಿತು. ಒಂಟಿಯಾಗಿದ್ದರು, ಮದುವೆಯಾಗಿರಲಿಲ್ಲ, ಕೆಲ ಸಮಯದಿಂದ ಕಾಯಿಲೆ ಇತ್ತು. ಪ್ರಾಣ ಹೋಗಿದ್ದು ಯಾವ ಗಳಿಗೆಯಲ್ಲಿ ಅಂತ ನೋಡಿದವರಿಲ್ಲ. ಆ ಸೆಮಿಸ್ಟರ್‌ನಲ್ಲಿ ನಾನು ದಿನಾ ಬೆಳಗ್ಗೆ ಲ್ಯಾಬ್‌ನಲ್ಲಿ ಕೂತು ಟೈಪ್ ಮಾಡುತ್ತಿದ್ದ ಪ್ರತಿಯೊಂದು ಸಾಲಿನ ಹಿಂದೆಯೂ ಅವರಿದ್ದರು. ಹೆಸರು ಡೆನಿಸ್ ರಿಚಿ. ಯೂನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕೆನ್ ಥಾಂಪ್ಸನ್ ಜೊತೆ ಕಟ್ಟಿದವರು, ಸಿ ಭಾಷೆಯನ್ನು ರೂಪಿಸಿದವರು. ಅವರಿಗಾಗಿ ನಾವು ಮೇಣದಬತ್ತಿ ಹಚ್ಚಲಿಲ್ಲ. ಅವರು ಸತ್ತಿದ್ದಾರೆ ಅಂತ ನನಗೆ ಗೊತ್ತಾಗಿದ್ದೇ ಎಷ್ಟೋ ದಿನ ಆದಮೇಲೆ.

ಇದನ್ನು ಜಾಬ್ಸ್ ವರ್ಸಸ್ ರಿಚಿ ಅಂತ ಓದಬೇಡಿ. ಆ ಹೋಲಿಕೆ ಹಳಸಿದೆ. ನನಗೆ ಬೇಕಿರೋದು ಬೇರೆ ಪ್ರಶ್ನೆ. ಹೆಬ್ಬಾಳ, ಯಲಹಂಕ, ಆರ್‌ಟಿ ನಗರದ ಪಿಜಿಗಳಲ್ಲಿರುವ ಸಾವಿರಾರು ಹುಡುಗ-ಹುಡುಗಿಯರು ಇವತ್ತೂ ಹೊಟ್ಟೆಪಾಡಿಗೆ ಅವರ ಆದೇಶಗಳನ್ನು ಟೈಪ್ ಮಾಡುತ್ತಿದ್ದಾರೆ. ಆ ಎರಡಕ್ಷರ, ಮೂರಕ್ಷರದ ಆದೇಶಗಳು ಎಲ್ಲಿಂದ ಬಂದವು? ಯಾವ ಬಗೆಯ ಮನುಷ್ಯ, ಯಾವ ಬಗೆಯ ಸಂಸ್ಥೆ, ಯಾವ ಬಗೆಯ ಕಾನೂನು ಸೇರಿದರೆ ಇಂಥದ್ದು ಹುಟ್ಟುತ್ತದೆ? ರಿಚಿಯವರ ಬದುಕಿನಲ್ಲಿ ಇದಕ್ಕೆ ಉತ್ತರ ಇದೆ ಅಂತ ನನ್ನ ನಂಬಿಕೆ. ಅದು ರಾಜಕೀಯ ಉತ್ತರ.

ಪದವಿ ಪಡೆಯದ ವಿದ್ಯಾರ್ಥಿ

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಸಮ್ಮಿಟ್‌ನಲ್ಲಿ. ಅಪ್ಪ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ. ಟೆಲಿಫೋನ್ ಕರೆಗಳನ್ನು ಒಂದು ತಂತಿಯಿಂದ ಇನ್ನೊಂದಕ್ಕೆ ಜೋಡಿಸುವ ಸ್ವಿಚಿಂಗ್ ಮಂಡಲಗಳಲ್ಲಿ ಪರಿಣತರು. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ ಓದಿದರು, ಆಮೇಲೆ ಅನ್ವಯಿಕ ಗಣಿತದಲ್ಲಿ ಸಂಶೋಧನೆಗೆ ಇಳಿದರು.

ಇಲ್ಲೊಂದು ತಮಾಷೆ ಇದೆ, ಪ್ರಾಜೆಕ್ಟ್ ರಿಪೋರ್ಟ್ ಬೈಂಡಿಂಗ್‌ಗೆ ಅಂಗಡಿ ಅಲೆದ ನಮ್ಮಂಥವರಿಗೆ ಇಷ್ಟವಾಗುವಂಥದ್ದು. 1968ರ ಹೊತ್ತಿಗೆ ರಿಚಿ ಡಾಕ್ಟರೇಟ್ ಪ್ರಬಂಧ ಬರೆದು ಮುಗಿಸಿದ್ದರು. ಆದರೆ ನಿಯಮದ ಪ್ರಕಾರ ಬೈಂಡ್ ಮಾಡಿಸಿದ ಪ್ರತಿಯನ್ನು ವಿಶ್ವವಿದ್ಯಾಲಯಕ್ಕೆ ಸಲ್ಲಿಸಲೇ ಇಲ್ಲ. ಹಾಗಾಗಿ ಪಿಎಚ್‌ಡಿ ಬರಲಿಲ್ಲ. ಜಗತ್ತು ಅವರನ್ನು ಡಾಕ್ಟರ್ ರಿಚಿ ಅಂದುಕೊಂಡೇ ಇತ್ತು. ಹಾಳೆಯಲ್ಲಿ ಅವರು ಡಾಕ್ಟರ್ ಆಗಿರಲಿಲ್ಲ. ಕಳೆದೇಹೋಗಿದೆ ಅಂದುಕೊಂಡಿದ್ದ ಆ ಪ್ರಬಂಧ ಅವರು ತೀರಿಕೊಂಡ ಎಷ್ಟೋ ವರ್ಷಗಳ ನಂತರ ಬೆಳಕಿಗೆ ಬಂತು.

1967ರಲ್ಲಿ ಅವರು ಅಪ್ಪ ಇದ್ದ ಬೆಲ್ ಲ್ಯಾಬ್ಸ್‌ನ ಮರೇ ಹಿಲ್ ಕೇಂದ್ರಕ್ಕೇ ಸೇರಿದರು. ಆಗ ಅಲ್ಲಿ ಮಲ್ಟಿಕ್ಸ್ ಎಂಬ ದೊಡ್ಡ ಯೋಜನೆ ನಡೀತಿತ್ತು. ಎಂಐಟಿ, ಜನರಲ್ ಎಲೆಕ್ಟ್ರಿಕ್ ಮತ್ತು ಬೆಲ್ ಲ್ಯಾಬ್ಸ್ ಸೇರಿ, ನೂರಾರು ಜನ ಒಂದೇ ಕಂಪ್ಯೂಟರನ್ನು ಏಕಕಾಲಕ್ಕೆ ಬಳಸುವಂತೆ ಮಾಡಲು ಹೊರಟಿದ್ದವು. ಯೋಜನೆ ಎಳೆಯಿತು, ಖರ್ಚು ಏರಿತು, 1969ರಲ್ಲಿ ಬೆಲ್ ಲ್ಯಾಬ್ಸ್ ಕೈತೊಳೆದುಕೊಂಡಿತು. ಅಲ್ಲಿದ್ದ ಕೆಲವರಿಗೆ ಮಾತ್ರ ಒಂದು ಯಂತ್ರದ ಸುತ್ತ ಕೂತು ಒಟ್ಟಿಗೆ ಕೆಲಸ ಮಾಡುವ ರುಚಿ ಹತ್ತಿಬಿಟ್ಟಿತ್ತು. ಅದನ್ನು ಬಿಡಲು ಮನಸ್ಸಾಗಲಿಲ್ಲ.

ಅದೇ ವರ್ಷದ ಬೇಸಿಗೆಯಲ್ಲಿ ಥಾಂಪ್ಸನ್, ಮೂಲೆಯಲ್ಲಿ ಬಿದ್ದಿದ್ದ ಪಿಡಿಪಿ-7 ಎಂಬ ಹಳೇ ಯಂತ್ರ ಹಿಡಿದು ಯೂನಿಕ್ಸ್‌ನ ಮೊದಲ ರೂಪ ಬರೆದರು. ಫೈಲುಗಳನ್ನು ಇಡುವ ಕ್ರಮವನ್ನು ಥಾಂಪ್ಸನ್, ರಿಚಿ ಮತ್ತು ರುಡ್ ಕ್ಯಾನಡೇ ಅದಕ್ಕೂ ಮೊದಲೇ ಕಪ್ಪುಹಲಗೆಯ ಮುಂದೆ ನಿಂತು ಚರ್ಚಿಸಿದ್ದರು. ಒಂದು ದೊಡ್ಡ ಯೋಜನೆ ಬಿದ್ದುಹೋದ ಜಾಗದಲ್ಲಿ, ಯಾರೂ ಕೇಳದ ಒಂದು ಸಣ್ಣ ಕೆಲಸ ಚಿಗುರಿತು.

ಮೂವರು ಟೈಪಿಸ್ಟರು ಮತ್ತು ಗಟ್ಟಿ ಕೀಲಿಗಳು

ಒಳ್ಳೆಯ ಯಂತ್ರ ಕೊಡಿಸಿ ಅಂದರೆ ಆಡಳಿತ ಒಪ್ಪಲಿಲ್ಲ. ಮಲ್ಟಿಕ್ಸ್‌ನಲ್ಲಿ ಕೈಸುಟ್ಟುಕೊಂಡಿದ್ದ ಅವರಿಗೆ ಆಪರೇಟಿಂಗ್ ಸಿಸ್ಟಂ ಅನ್ನೋ ಪದವೇ ಬೇಡವಾಗಿತ್ತು. ಹಾಗಾಗಿ ಬೇರೆ ದಾರಿ ಹುಡುಕಿದರು. ಕಂಪನಿಯ ಪೇಟೆಂಟ್ ವಿಭಾಗಕ್ಕೆ ಅರ್ಜಿಗಳನ್ನು ಟೈಪ್ ಮಾಡಿ ತಿದ್ದಿ ಜೋಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಅಂದರು. ಪಿಡಿಪಿ-11 ಬಂತು. 1971ರ ದ್ವಿತೀಯಾರ್ಧದಲ್ಲಿ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟರು ದಿನವಿಡೀ ಅದರ ಮೇಲೆ ಕೆಲಸ ಮಾಡುತ್ತಿದ್ದರು. ಯೂನಿಕ್ಸನ್ನು ಸಂಶೋಧಕರ ಆಟಿಕೆ ಅಂದುಕೊಳ್ಳುವವರು ಇದನ್ನು ಗಮನಿಸಬೇಕು. ಅದರ ಮೊದಲ ನಿಜವಾದ ಗಿರಾಕಿಗಳು ಕಚೇರಿಯ ಗುಮಾಸ್ತೆ ಕೆಲಸದವರು. ಆ ಯಂತ್ರದ ಸ್ಮೃತಿ ಒಟ್ಟು 24 ಕಿಲೋಬೈಟ್. ಇವತ್ತು ವಾಟ್ಸಾಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಅದಕ್ಕಿಂತ ದೊಡ್ಡದು.

ಆಗ ಪರದೆ ಇರಲಿಲ್ಲ. ಟೆಲಿಟೈಪ್ ಅನ್ನೋ, ಟೈಪ್‌ರೈಟರಿನಂಥ ಯಂತ್ರ. ಸೆಕೆಂಡಿಗೆ ಹತ್ತು ಅಕ್ಷರ ಮುದ್ರಿಸುತ್ತಿತ್ತು, ಕೀಲಿಗಳನ್ನು ಜೋರಾಗಿ ಒತ್ತಬೇಕಿತ್ತು. ಬೆರಳು ನೋಯುವ ಜಾಗದಲ್ಲಿ ಯಾರು ತಾನೇ ಉದ್ದುದ್ದ ಪದ ಟೈಪ್ ಮಾಡುತ್ತಾರೆ? ಹಾಗಾಗಿ ಪಟ್ಟಿ ತೋರಿಸು ಅನ್ನೋದಕ್ಕೆ ಎಲ್‌ಎಸ್. ನಕಲು ಮಾಡು ಅನ್ನೋದಕ್ಕೆ ಸಿಪಿ. ಜಾಗ ಬದಲಿಸು ಅಥವಾ ಹೆಸರು ಬದಲಿಸು ಅನ್ನೋದಕ್ಕೆ ಎಂವಿ. ಅಳಿಸು ಅನ್ನೋದಕ್ಕೆ ಆರ್‌ಎಂ. ಹೊಸ ಫೋಲ್ಡರ್‌ಗೆ ಎಂಕೆಡಿಐಆರ್. ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ನೋಡಲು ಡಿಎಫ್, ಯಾವುದು ಎಷ್ಟು ತಿಂದಿದೆ ನೋಡಲು ಡಿಯು. ಯಾರ್ಯಾರು ಒಳಗಿದ್ದಾರೆ ತಿಳಿಯಲು ಹೂ. ಪದ ಎಣಿಸಲು ಡಬ್ಲ್ಯುಸಿ. ಇವೆಲ್ಲ 1971ರ ನವೆಂಬರ್ 3ರ ದಿನಾಂಕ ಹೊತ್ತ ಮೊದಲ ಯೂನಿಕ್ಸ್ ಕೈಪಿಡಿಯಲ್ಲೇ ಇವೆ. ಇವತ್ತು ಹೆಬ್ಬಾಳದಾಚೆಯ ಟೆಕ್ ಪಾರ್ಕಿನಲ್ಲಿ ಒಬ್ಬಳು ಸಿಸ್ಟಂ ಅಡ್ಮಿನ್ ರಾತ್ರಿ ಪಾಳಿಯಲ್ಲಿ ಸರ್ವರ್‌ನ ಡಿಸ್ಕ್ ತುಂಬಿದೆಯಾ ಅಂತ ಡಿಎಫ್ ಹೊಡೆದು ನೋಡಿದರೆ, ಅದೇ ಎರಡಕ್ಷರ. ಐವತ್ತು ವರ್ಷ ದಾಟಿದರೂ ಬದಲಾಗಿಲ್ಲ.

ಇನ್ನೊಂದು ಮುಖ್ಯ ವಿಚಾರ ಪೈಪ್. ಒಂದು ಆದೇಶದ ಫಲಿತಾಂಶವನ್ನು ನಲ್ಲಿಗೆ ಕೊಳವೆ ಜೋಡಿಸಿದ ಹಾಗೆ ಮುಂದಿನ ಆದೇಶಕ್ಕೆ ಹರಿಸುವುದು. ಇದು ಡಗ್ ಮೆಕಿಲ್ರಾಯ್ ಅವರ ಹಳೇ ಕನಸು, 1973ರಲ್ಲಿ ಥಾಂಪ್ಸನ್ ಅದನ್ನು ಸಾಧ್ಯ ಮಾಡಿದರು. ಅದೇ ಕಾಲದ್ದು ಗ್ರೆಪ್, ಅಂದರೆ ರಾಶಿ ಪಠ್ಯದಲ್ಲಿ ಬೇಕಾದ ಪದ ಇರುವ ಸಾಲುಗಳನ್ನಷ್ಟೇ ಹೆಕ್ಕಿ ಕೊಡುವ ಸಾಧನ. ಅದು ಹುಟ್ಟಿದ್ದರ ಹಿಂದೆಯೂ ರಾಜಕೀಯ ಪಠ್ಯ ಇದೆ. ಅಮೆರಿಕದ ಸಂವಿಧಾನದ ಪರವಾಗಿ ಗುಪ್ತನಾಮದಲ್ಲಿ ಬರೆಯಲಾದ ಫೆಡರಲಿಸ್ಟ್ ಲೇಖನಗಳಲ್ಲಿ ಯಾವುದನ್ನು ಯಾರು ಬರೆದರು ಅಂತ ಪತ್ತೆ ಮಾಡಲು ಲೀ ಮೆಕ್‌ಮಹನ್ ಎಂಬ ಸಹೋದ್ಯೋಗಿ ಹೆಣಗುತ್ತಿದ್ದರು. ಅವರಿಗೆ ನೆರವಾಗಲೆಂದು ಥಾಂಪ್ಸನ್ ಅದನ್ನು ಬೇರೆ ಸಾಧನವಾಗಿ ಬಿಡಿಸಿಕೊಟ್ಟರು. ಯಾವುದೂ ಒಬ್ಬರ ಕೆಲಸ ಅಲ್ಲ. ಪಕ್ಕದ ಮೇಜಿನವರ ಕಷ್ಟ ನೋಡಿ ಸಾಧನ ಮಾಡಿಕೊಡುವುದು ಆ ಕೋಣೆಯ ರೂಢಿಯಾಗಿತ್ತು.

ಈ ಎಲ್ಲದರ ಅಡಿಪಾಯದಲ್ಲಿ ರಿಚಿಯವರ ಸಿ ಭಾಷೆ ಇದೆ. 1973ರಲ್ಲಿ ಯೂನಿಕ್ಸ್‌ನ ತಿರುಳನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆದರು. ಅಲ್ಲಿವರೆಗೆ ಒಂದು ಯಂತ್ರಕ್ಕೆ ಬರೆದದ್ದು ಆ ಯಂತ್ರದ ಜೊತೆಗೇ ಸಾಯುತ್ತಿತ್ತು. ಈಗ ವ್ಯವಸ್ಥೆಗೆ ಯಂತ್ರದಿಂದ ಯಂತ್ರಕ್ಕೆ ವಲಸೆ ಹೋಗಲು ದಾರಿ ಸಿಕ್ಕಿತು. 1978ರಲ್ಲಿ ಬ್ರಯಾನ್ ಕರ್ನಿಹಾನ್ ಜೊತೆ ರಿಚಿ ಬರೆದ ಸಿ ಭಾಷೆಯ ತೆಳ್ಳನೆ ಪುಸ್ತಕ ಇವತ್ತಿಗೂ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ವಿಟಿಯುನಲ್ಲಿ ಓದಿದ ನಾವು, ಸಿವಿಲ್ ಆಗಲಿ ಮೆಕ್ಯಾನಿಕಲ್ ಆಗಲಿ, ಮೊದಲ ವರ್ಷ ಸಿ ಪಾಸಾಗದೆ ಮುಂದೆ ಹೋದವರಲ್ಲ.

ಕೈ ಕಟ್ಟಿದ ಕಾನೂನು, ತೆರೆದುಕೊಂಡ ಕೋಡ್

ಸ್ಟಾರ್ಟಪ್ ಕತೆಗಳನ್ನು ಕೇಳಿ ಬೆಳೆದ ನಮ್ಮ ಪೀಳಿಗೆಗೆ ಇಲ್ಲಿಂದ ಮುಂದಿನ ಭಾಗ ಮುಖ್ಯ. ಯೂನಿಕ್ಸ್ ಜಗತ್ತಿಗೆ ಹರಡಿದ್ದು ಅದರ ಗುಣದಿಂದ ಮಾತ್ರ ಅಲ್ಲ. ಬೆಲ್ ಲ್ಯಾಬ್ಸ್‌ನ ಒಡೆತನ ಎಟಿ ಅಂಡ್ ಟಿ ಕಂಪನಿಯ ಕೈಲಿತ್ತು. ಅಮೆರಿಕದ ಟೆಲಿಫೋನ್ ವ್ಯವಹಾರದಲ್ಲಿ ಅದರದ್ದೇ ಏಕಸ್ವಾಮ್ಯ. ಆ ಏಕಸ್ವಾಮ್ಯದ ವಿರುದ್ಧ ಅಲ್ಲಿನ ಸರ್ಕಾರ ಹೂಡಿದ ಮೊಕದ್ದಮೆ 1956ರಲ್ಲಿ ಒಪ್ಪಂದದಲ್ಲಿ ಮುಗಿಯಿತು. ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಕೈಹಾಕುವಂತಿಲ್ಲ, ಪೇಟೆಂಟ್‌ಗಳನ್ನು ಇತರರಿಗೂ ಕೊಡಬೇಕು ಅನ್ನೋದು ಷರತ್ತು.

ಹೀಗಾಗಿ 70ರ ದಶಕದಲ್ಲಿ ಯೂನಿಕ್ಸನ್ನು ಸರಕಾಗಿ ಮಾರಲು ಕಂಪನಿಗೆ ದಾರಿ ಇರಲಿಲ್ಲ. ವಿಶ್ವವಿದ್ಯಾಲಯಗಳು ಕೇಳಿದಾಗ ಅಲ್ಪ ಶುಲ್ಕಕ್ಕೆ ಮೂಲ ಕೋಡ್ ಸಹಿತ ಕೊಟ್ಟರು. ವಿದ್ಯಾರ್ಥಿಗಳು ಓದಿದರು, ತಿದ್ದಿದರು, ತಿದ್ದಿದ್ದನ್ನು ವಾಪಸ್ ಕಳಿಸಿದರು. ಆಸ್ಟ್ರೇಲಿಯಾದ ಜಾನ್ ಲಯನ್ಸ್ ಎಂಬ ಮೇಷ್ಟ್ರು ಆ ಕೋಡ್‌ಗೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದು ಪಾಠ ಮಾಡಿದರು. ಮುಂದಿನ ಆವೃತ್ತಿಯ ಹೊತ್ತಿಗೆ ಕಂಪನಿಗೆ ದುಡ್ಡಿನ ವಾಸನೆ ಹತ್ತಿತ್ತು, ಕೋಡನ್ನು ತರಗತಿಯಲ್ಲಿ ಬಳಸದಂತೆ ಪರವಾನಗಿಯನ್ನು ಬಿಗಿ ಮಾಡಿತು. ಲಯನ್ಸ್ ಅವರ ಪುಸ್ತಕ ಜೆರಾಕ್ಸ್ ಪ್ರತಿಗಳಲ್ಲಿ ಕೈಯಿಂದ ಕೈಗೆ ದಾಟಿತು. 1984ರಲ್ಲಿ ಎಟಿ ಅಂಡ್ ಟಿ ಒಡೆದು ಹೋಳಾಯಿತು. ಹಳೇ ಷರತ್ತು ಸಡಿಲವಾದ ಮೇಲೆ ಯೂನಿಕ್ಸ್ ಪೂರ್ತಿ ವ್ಯಾಪಾರದ ಸರಕಾಯಿತು.

ಆ ಬಾಗಿಲು ಮುಚ್ಚುತ್ತಿದ್ದಾಗಲೇ ಇನ್ನೊಂದು ತೆರೆಯಿತು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಯೂನಿಕ್ಸ್‌ನಂತೆಯೇ ಇರುವ, ಆದರೆ ಎಲ್ಲರಿಗೂ ಮುಕ್ತವಾದ ಗ್ನೂ ವ್ಯವಸ್ಥೆಯನ್ನು ಘೋಷಿಸಿದರು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ತಿರುಳನ್ನು ಹೊರಬಿಟ್ಟರು. ಇವತ್ತು ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನ್‌ನೊಳಗೆ ಲಿನಕ್ಸ್ ಇದೆ. ಜಾಬ್ಸ್ ಅವರ ಐಫೋನ್‌ನೊಳಗೆ ಯೂನಿಕ್ಸ್‌ನ ಇನ್ನೊಂದು ಕವಲಿದೆ. ಅಂದರೆ ಆ ದಿನ ನಾವು ಹಚ್ಚಿದ ಮೇಣದಬತ್ತಿಯ ಬೆಳಕು ಗೊತ್ತಿಲ್ಲದೇ ರಿಚಿಯವರ ಮೇಲೂ ಬಿದ್ದಿತ್ತು.

ಈ ಹೊಳೆ ನಮ್ಮೂರಿಗೂ ಹರಿದಿದೆ. ಯಶವಂತಪುರಕ್ಕೆ ಅಂಟಿಕೊಂಡೇ ಇರುವ ಭಾರತೀಯ ವಿಜ್ಞಾನ ಸಂಸ್ಥೆ, 1986ರಲ್ಲಿ ಶುರುವಾದ ಅರ್ನೆಟ್ ಜಾಲದ ಮೊದಲ ಎಂಟು ಸಂಸ್ಥೆಗಳಲ್ಲಿ ಒಂದು. ಭಾರತಕ್ಕೆ ಇಂಟರ್ನೆಟ್ ಬಂದಿದ್ದು ಆ ದಾರಿಯಲ್ಲಿ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಲಿನಕ್ಸ್ ಸಿಡಿಯನ್ನು ಓದುಗರಿಗೆ ಹಂಚಿತು. ಅದರ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. 2001ರಿಂದ ಇಲ್ಲಿ ನಡೆದ ಲಿನಕ್ಸ್ ಬೆಂಗಳೂರು ಸಮಾವೇಶ, ಮುಂದೆ ಫಾಸ್ ಡಾಟ್ ಇನ್ ಆದದ್ದು, ಅವರ ಮುಂದಾಳತ್ವದ್ದೇ. ನಾನು ಓದುವ ಹೊತ್ತಿಗೆ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದವರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಶಿಬಿರ ಮಾಡುತ್ತಿದ್ದರು. ಮಾರುಕಟ್ಟೆಯ ದೈತ್ಯನೊಬ್ಬನ ಕೈಯನ್ನು ಒಂದು ಕಾನೂನು ಕೆಲಕಾಲ ಕಟ್ಟಿಹಾಕಿದ್ದರ ಫಲ ಇದು. ಪ್ರತಿಭೆಗೆ ನಿಯಂತ್ರಣವೇ ಶತ್ರು ಅಂತ ಯಾರಾದರೂ ವಾದಿಸಿದರೆ ನೀವು ಈ ಕತೆ ಹೇಳಿ.

ಯಾರಿಗೆ ಎಷ್ಟು ಅಧಿಕಾರ?

ಓದು ಮುಗಿಸಿ ಹೆಬ್ಬಾಳದಾಚೆಯ ಒಂದು ಕಂಪನಿಗೆ ಸೇರಿದೆ. ಇಪ್ಪತ್ಮೂರನೇ ವಯಸ್ಸಿಗೆ ನನ್ನ ಕೈಲಿ ಕೆಲವು ಸರ್ವರ್‌ಗಳ ರೂಟ್ ಪಾಸ್‌ವರ್ಡ್ ಇತ್ತು. ರೂಟ್ ಅಂದರೆ ಯೂನಿಕ್ಸ್ ಲೋಕದ ಸಾರ್ವಭೌಮ. ಏನನ್ನು ಬೇಕಾದರೂ ಓದಬಹುದು, ಯಾರದನ್ನು ಬೇಕಾದರೂ ಅಳಿಸಬಹುದು, ಯಾರೂ ಕೇಳೋರಿಲ್ಲ. ಆ ಪಾಸ್‌ವರ್ಡ್ ಸಿಕ್ಕ ಮೊದಲ ರಾತ್ರಿ ನನಗಾಗಿದ್ದು ಹೆಮ್ಮೆ. ಕೆಲವೇ ದಿನಗಳಲ್ಲಿ ಅದು ಭಯಕ್ಕೆ ತಿರುಗಿತು.

ಕಾರಣ ಇತ್ತು. ಕಾಲೇಜಿನಲ್ಲಿದ್ದಾಗ ಲ್ಯಾಬ್ ಇಂಟರ್ನಲ್ಸ್ ಹಿಂದಿನ ದಿನ ಬೇಡದ ಫೈಲುಗಳನ್ನು ಅಳಿಸಲು ಹೋಗಿ, ನಕ್ಷತ್ರ ಚಿಹ್ನೆಯ ನಂತರ ಒಂದೇ ಒಂದು ಸ್ಪೇಸ್ ಹೆಚ್ಚು ಒತ್ತಿದ್ದೆ. ಆರ್‌ಎಂ ಎಲ್ಲವನ್ನೂ ಅಳಿಸಿಹಾಕಿತು. ಖಚಿತವೇ ಅಂತ ಕೇಳಲಿಲ್ಲ, ಕಸದ ಬುಟ್ಟಿಗೂ ಹಾಕಲಿಲ್ಲ. ಒಂದು ಸೆಮಿಸ್ಟರಿನ ಪ್ರೋಗ್ರಾಂಗಳು ಹೋದವು. ಯೂನಿಕ್ಸ್ ನಿಮ್ಮನ್ನು ವಯಸ್ಕರೆಂದು ನಂಬುತ್ತದೆ; ನೀವು ಆ ನಂಬಿಕೆಗೆ ತಕ್ಕವರಲ್ಲದಿದ್ದರೆ ಬೆಲೆ ತೆರಬೇಕು. ಸಿ ಭಾಷೆಯೂ ಹಾಗೇ. ಸ್ಮೃತಿಯ ಗಡಿ ದಾಟಿದರೆ ಅದು ತಡೆಯುವುದಿಲ್ಲ. ಆ ಸಡಿಲದಿಂದ ಎಷ್ಟೋ ಭದ್ರತಾ ಬಿರುಕುಗಳು ಹುಟ್ಟಿವೆ, ಇವತ್ತಿಗೂ ಹುಟ್ಟುತ್ತಿವೆ. ರಿಚಿಯವರನ್ನು ಮೆಚ್ಚುವಾಗ ಇದನ್ನು ಮರೆಮಾಚೋದು ತಪ್ಪು.

ಆದರೆ ಅವರು ಅಧಿಕಾರದ ಬಗ್ಗೆ ಯೋಚಿಸಿರಲಿಲ್ಲ ಅಂತಲ್ಲ. ಮೊದಲ ಕೈಪಿಡಿಯಲ್ಲೇ ಸಿಎಚ್‌ಮೋಡ್ ಎಂಬ ಆದೇಶ ಇದೆ. ಒಂದು ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಚಲಾಯಿಸಬಹುದು ಅಂತ ನಿರ್ಧರಿಸುವುದು ಅದರ ಕೆಲಸ. ಮೊದಲು ಮಾಲೀಕ ಮತ್ತು ಇತರರು ಎಂಬ ಎರಡೇ ವರ್ಗ ಇತ್ತು, ಕೆಲ ವರ್ಷಗಳಲ್ಲಿ ನಡುವೆ ಗುಂಪೂ ಸೇರಿತು. ಓದಲು 4, ಬರೆಯಲು 2, ಚಲಾಯಿಸಲು 1. ಕೂಡಿದರೆ 7. 644 ಅಂದರೆ ಮಾಲೀಕ ಓದಿ ಬರೆಯಬಹುದು, ಉಳಿದವರು ಓದಬಹುದು ಮಾತ್ರ. ಸೋಮಾರಿ ಎಂಜಿನಿಯರ್ 777 ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಯಾರಿಗೂ ಹೊಣೆ ಇಲ್ಲ.

ಇಲ್ಲೊಂದು ಕಗ್ಗಂಟು ಇತ್ತು. ನಿಮ್ಮ ಪಾಸ್‌ವರ್ಡನ್ನು ನೀವೇ ಬದಲಿಸಬೇಕು. ಆದರೆ ಎಲ್ಲರ ಪಾಸ್‌ವರ್ಡ್ ಇರುವ ಫೈಲ್ ರೂಟ್‌ಗೆ ಸೇರಿದ್ದು. ಅದನ್ನು ತಿದ್ದಲು ನಿಮಗೆ ರೂಟ್ ಅಧಿಕಾರ ಕೊಟ್ಟರೆ ನೀವು ಬೇರೆಯವರದ್ದನ್ನೂ ತಿದ್ದಬಹುದು. ಕೊಡದಿದ್ದರೆ ಪ್ರತಿ ಸಲ ದೊಡ್ಡವರ ಬಾಗಿಲು ಬಡಿಯಬೇಕು. ರಿಚಿಯವರು ಕಂಡುಕೊಂಡ ಪರಿಹಾರದ ಹೆಸರು ಸೆಟ್‌ಯುಐಡಿ. ಅಧಿಕಾರವನ್ನು ವ್ಯಕ್ತಿಯ ಬದಲು ಕೆಲಸಕ್ಕೆ ಕೊಡುವುದು. ಪಾಸ್‌ವರ್ಡ್ ಬದಲಿಸುವ ಆ ಒಂದು ಆದೇಶ ನಡೆಯುವಷ್ಟು ಹೊತ್ತು, ಆ ಒಂದು ಕೆಲಸಕ್ಕಷ್ಟೇ ದೊಡ್ಡ ಹಕ್ಕು ಎರವಲು ಸಿಗುತ್ತದೆ. ಕೆಲಸ ಮುಗಿದ ಕೂಡಲೇ ಹಕ್ಕೂ ಮುಗಿಯಿತು. ನಾವೆಲ್ಲ ದಿನಾ ಬಳಸುವ ಸುಡೊ ಎಂಬ ಆದೇಶವೂ ಒಳಗೆ ನಿಂತಿರುವುದು ಇದೇ ಉಪಾಯದ ಮೇಲೆ. ನಮ್ಮ ಲ್ಯಾಬ್‌ನಲ್ಲಿ ಅದನ್ನು ಸುಡು ಅಂತಲೇ ಕರೀತಿದ್ದೆವು, ಎಚ್ಚರ ತಪ್ಪಿದರೆ ನಿಜಕ್ಕೂ ಸುಡುತ್ತಿತ್ತು. ಈ ಉಪಾಯಕ್ಕೆ ರಿಚಿಯವರ ಹೆಸರಲ್ಲಿ 1979ರಲ್ಲಿ ಪೇಟೆಂಟ್ ಸಿಕ್ಕಿತು. ಕಂಪನಿ ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು.

ಮಂತ್ರಿಯಿಂದ ಹಿಡಿದು ಕಚೇರಿಯ ಗುಮಾಸ್ತರವರೆಗೆ, ಕುರ್ಚಿಗೆ ಕೊಟ್ಟ ಅಧಿಕಾರ ಮನುಷ್ಯನಿಗೇ ಅಂಟಿಕೊಂಡಿರುವ ದೇಶದಲ್ಲಿ ಬದುಕುತ್ತಿರುವ ನಮಗೆ ಈ ಸಣ್ಣ ಉಪಾಯ ಬಹಳ ದೂರದ ಮಾತು ಅನ್ನಿಸಬಹುದು. ಆದರೆ ಸಂವಿಧಾನ ಓದಿದವರಿಗೆ ಇದು ಪರಿಚಿತ ತತ್ವವೇ.

ಒಂದು ಶೀರ್ಷಿಕೆ: ಬಗ್ಸ್

ಎಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಆ ಮೊದಲ ಕೈಪಿಡಿಯ ಒಂದು ರೂಢಿ. ಪ್ರತಿ ಆದೇಶಕ್ಕೂ ಒಂದೊಂದು ಪುಟ. ಹೆಸರು, ಬಳಸುವ ಬಗೆ, ವಿವರಣೆ, ಹೊಣೆ ಯಾರದ್ದು. ಜೊತೆಗೆ ಒಂದು ಶೀರ್ಷಿಕೆ, ಬಗ್ಸ್. ಈ ಆದೇಶದಲ್ಲಿ ಏನು ತಪ್ಪಿದೆ, ಎಲ್ಲಿ ಕೈಕೊಡುತ್ತದೆ ಅಂತ ಮಾಡಿದವರೇ ಬರೆದಿಟ್ಟರು. ಯಾರೂ ದೂರು ಕೊಟ್ಟಿರಲಿಲ್ಲ, ಕೋರ್ಟ್ ಆದೇಶವೂ ಇರಲಿಲ್ಲ. ಬಳಸುವವರಿಗೆ ಗೊತ್ತಿರಬೇಕು, ಅಷ್ಟೇ.

ಈಗ ನಮ್ಮ ಸುತ್ತ ನೋಡಿ. ಪಡಿತರ, ಪಿಂಚಣಿ, ಪಹಣಿ, ಖಾತಾ, ಸ್ಕಾಲರ್‌ಶಿಪ್ ಎಲ್ಲವೂ ಪರದೆಯ ಹಿಂದೆ ಹೋಗಿವೆ. ನ್ಯಾಯಬೆಲೆ ಅಂಗಡಿಯ ಮುಂದೆ ನಿಂತ ಅಜ್ಜಿಯ ಬೆರಳಚ್ಚು ಹೊಂದದಿದ್ದರೆ ತಪ್ಪು ಅಜ್ಜಿಯ ಬೆರಳಿನದ್ದು. ಸರ್ವರ್ ಇಲ್ಲ, ನಾಳೆ ಬನ್ನಿ ಅನ್ನೋದು ಕರ್ನಾಟಕದ ಮೂಲೆಮೂಲೆಗೂ ಗೊತ್ತಿರುವ ವಾಕ್ಯ. ಸವೆದ ಬೆರಳಿಗೆ ಈ ಯಂತ್ರ ಕೈಕೊಡಬಹುದು, ಆಗ ಹೀಗೆ ಮಾಡಿ ಅನ್ನೋ ಒಂದು ಸಾಲನ್ನು ಆ ಯಂತ್ರದ ಪಕ್ಕ ನೀವು ಎಲ್ಲಾದರೂ ನೋಡಿದ್ದೀರಾ? ನಮ್ಮ ಆಡಳಿತದ ತಂತ್ರಾಂಶಗಳಿಗೆ ಉದ್ಘಾಟನೆ ಇದೆ, ಜಾಹೀರಾತು ಇದೆ, ಬಗ್ಸ್ ಎಂಬ ಶೀರ್ಷಿಕೆ ಮಾತ್ರ ಇಲ್ಲ. ಆ ತಂತ್ರಾಂಶಗಳನ್ನು ಬರೆಯುವವರಲ್ಲಿ ನನ್ನ ಸಹಪಾಠಿಗಳೂ ಇದ್ದಾರೆ. ತಪ್ಪು ಎಲ್ಲಿದೆ ಅಂತ ಅವರಿಗೆ ಗೊತ್ತು. ಬರೆದಿಡುವ ಜಾಗವನ್ನು ಅವರಿಗೆ ಕೊಟ್ಟವರಿಲ್ಲ.

ಪತ್ರಿಕೋದ್ಯಮಕ್ಕೆ ಬಂದ ಮೇಲೂ ಕಪ್ಪು ಪರದೆ ನನ್ನನ್ನು ಬಿಟ್ಟಿಲ್ಲ. ಒಮ್ಮೆ ಆರ್‌ಟಿಐನಲ್ಲಿ ನಮ್ಮ ಭಾಗದ ರಸ್ತೆ ಕಾಮಗಾರಿಗಳ ಉದ್ದದ ಪಟ್ಟಿಯೊಂದು ಬಂತು. ಆರ್‌ಟಿ ನಗರದ ಸಾಲುಗಳನ್ನು ಗ್ರೆಪ್‌ನಿಂದ ಹೆಕ್ಕಿ, ಸಾರ್ಟ್‌ನಿಂದ ಜೋಡಿಸಿ, ಯೂನಿಕ್‌ನಿಂದ ಎಣಿಸಿದೆ. ಒಂದೇ ಅಡ್ಡರಸ್ತೆ, ಒಂದೇ ಮೊತ್ತ, ಎರಡು ಸಲ. ಹಗರಣ ಸಿಕ್ಕಿತು ಅಂತ ಎದೆ ಡವಗುಟ್ಟಿತು. ಹೋಗಿ ನೋಡಿದರೆ ಆ ರಸ್ತೆ ಮುಖ್ಯರಸ್ತೆಯ ಎರಡೂ ಬದಿಗೆ ಚಾಚಿತ್ತು, ಎರಡೂ ಕಡೆ ಕೆಲಸ ಆಗಿತ್ತು. ಸುದ್ದಿ ಬರೆಯಲಿಲ್ಲ. ಆದೇಶಗಳು ಪ್ರಶ್ನೆಯನ್ನು ಹೊಳೆಯಿಸುತ್ತವೆ, ಉತ್ತರಕ್ಕೆ ಚಪ್ಪಲಿ ಸವೆಸಲೇಬೇಕು.

ಇನ್ನೊಂದು ಸಣ್ಣ ಪ್ರಯೋಗ ನೀವೇ ಮಾಡಿ ನೋಡಬಹುದು. ಕನ್ನಡ ಅನ್ನೋ ಪದವನ್ನು ಒಂದು ಫೈಲಿನಲ್ಲಿ ಬರೆದು ಡಬ್ಲ್ಯುಸಿಗೆ ಕೊಡಿ. ನಾವು ಎಣಿಸಿದರೆ ಮೂರು ಅಕ್ಷರ. ಅದು ಒತ್ತನ್ನು ಬಿಡಿಸಿ ಐದು ಸಂಕೇತ ಅನ್ನುತ್ತದೆ, ಬೈಟ್ ಲೆಕ್ಕದಲ್ಲಿ ಹದಿನೈದು. ಕೊನೆಯಲ್ಲಿ ಎಂಟರ್ ಒತ್ತಿದ್ದರೆ ಎರಡೂ ಲೆಕ್ಕಕ್ಕೆ ಒಂದೊಂದು ಹೆಚ್ಚು ಸೇರಿಸಿಕೊಳ್ಳಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ನಮ್ಮ ಪ್ರತಿ ಸಂಕೇತಕ್ಕೆ ಮೂರು ಬೇಕು. ಇದು ಯುಟಿಎಫ್-8 ಎಂಬ ಕ್ರಮ. 1992ರಲ್ಲಿ ಥಾಂಪ್ಸನ್ ಮತ್ತು ರಾಬ್ ಪೈಕ್ ಅದನ್ನು ರೂಪಿಸಿದ್ದು ಅದೇ ಬೆಲ್ ಲ್ಯಾಬ್ಸ್‌ನಲ್ಲಿ, ಯೂನಿಕ್ಸ್‌ನ ನಂತರ ಆ ಬಳಗ ಕಟ್ಟುತ್ತಿದ್ದ ಪ್ಲಾನ್ 9 ವ್ಯವಸ್ಥೆಗಾಗಿ. ನೀವೀಗ ಓದುತ್ತಿರುವ ಈ ಸಾಲು ನಿಮ್ಮ ಫೋನ್‌ಗೆ ತಲುಪಿದ್ದೂ ಆ ದಾರಿಯಲ್ಲೇ. ಆದರೂ ಕಪ್ಪು ಪರದೆಯಲ್ಲಿ ಒತ್ತಕ್ಷರಗಳು ಇವತ್ತಿಗೂ ಎಷ್ಟೋ ಕಡೆ ಒಡೆದು ಬೀಳುತ್ತವೆ. ಆ ಬಗ್ ಸರಿ ಮಾಡಬೇಕಾದವರು ನ್ಯೂಜೆರ್ಸಿಯವರಲ್ಲ, ನಾವು.

ರಿಚಿಯವರಿಗೆ ಗೌರವಗಳು ಬರದೇ ಇರಲಿಲ್ಲ. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ, 1999ರಲ್ಲಿ ಅಧ್ಯಕ್ಷ ಕ್ಲಿಂಟನ್ ಕೈಯಿಂದ ರಾಷ್ಟ್ರೀಯ ತಂತ್ರಜ್ಞಾನ ಪದಕ, 2011ರಲ್ಲಿ ಜಪಾನ್ ಪ್ರಶಸ್ತಿ. 2007ರಲ್ಲಿ ನಿವೃತ್ತರಾಗುವವರೆಗೂ ಅದೇ ಕಡೆ ಕೆಲಸ ಮಾಡಿದರು. ಕಂಪನಿ ಕಟ್ಟಲಿಲ್ಲ, ಕೋಟ್ಯಧಿಪತಿ ಆಗಲಿಲ್ಲ. ಸಹೋದ್ಯೋಗಿಗಳಿಗೆ ಅವರು ಲಾಗಿನ್ ಹೆಸರಿನ ಮೂರಕ್ಷರವಾಗಿದ್ದರು: ಡಿಎಂಆರ್.

ಪ್ರತಿ ವರ್ಷ ಆಯುಧಪೂಜೆಗೆ ನನ್ನ ಲ್ಯಾಪ್‌ಟಾಪ್‌ಗೂ ಅಮ್ಮ ಕುಂಕುಮ ಇಡುತ್ತಾರೆ. ನಾನು ನನ್ನದೊಂದು ಪದ್ಧತಿ ಸೇರಿಸಿಕೊಂಡಿದ್ದೇನೆ. ಅವತ್ತು ಕಪ್ಪು ಪರದೆ ತೆರೆದು ಯಾವುದಾದರೂ ಒಂದು ಆದೇಶದ ಕೈಪಿಡಿ ಪುಟವನ್ನು ಕೊನೆಯವರೆಗೂ ಓದುತ್ತೇನೆ. ಬಗ್ಸ್ ಎಂಬ ಶೀರ್ಷಿಕೆ ಈಗಲೂ ಕೆಲವು ಪುಟಗಳ ಅಡಿಯಲ್ಲಿದೆ. ನೀವು ಸರ್ಕಾರಕ್ಕೋ ಕಂಪನಿಗೋ ಕೋಡ್ ಬರೆಯುತ್ತಿರುವವರಾದರೆ, ನಿಮ್ಮ ಮುಂದಿನ ದಾಖಲೆಯಲ್ಲಿ ಆ ಶೀರ್ಷಿಕೆ ಹಾಕಿ, ಕೆಳಗೆ ಪ್ರಾಮಾಣಿಕವಾಗಿ ಎರಡು ಸಾಲು ಬರೆಯಿರಿ. ಮ್ಯಾನೇಜರ್ ತೆಗೆಸಿದರೆ ಯಾಕೆ ಅಂತ ಕೇಳಿ.